ಜೀಪಿನ ಕೆಳಗಿನ ನೆಲ

ಆ ಗುರುವಾರ ಮಧ್ಯಾಹ್ನ ಮಾಳಿಗೆಯ ಮೇಲೆ ತೊಗರಿಬೇಳೆಗೆ ಎಣ್ಣೆ ಸವರಿ ಬಿಸಿಲಿಗೆ ಹರಡುತ್ತಿದ್ದೆ. ಫೋನು ಬಂತು. ಕೈಯೆಲ್ಲ ಎಣ್ಣೆ, ಸೆರಗಿನಲ್ಲಿ ಹಿಡಿದು ಕಿವಿಗಿಟ್ಟೆ.

"ಗಾಡಿ ನಿಂತದ," ಅಂದರು ನಮ್ಮ ಮನೆಯವರು. "ಜೇವರ್ಗಿ ದಾಟಿ ಬಂದಿದ್ವಿ. ಬಾನೆಟ್ಟಿನಿಂದ ಹೊಗಿ ಬಂತು."

"ಅತ್ತಿ?"

"ಅವ್ವ ಒಳಗ ಕುಂತಾಳ. ನೀ ಗಾಬರಿ ಆಗಬ್ಯಾಡ."

ಆಗಬೇಡ ಎಂದರೆ ಬಿಡುತ್ತದೆಯೇ. ಅತ್ತೆಯ ಎರಡೂ ಮೂತ್ರಪಿಂಡ ಸೋತಿವೆ. ಸೋಮವಾರ, ಗುರುವಾರ ನೆಲೋಗಿಯಿಂದ ಕಲಬುರಗಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು, ಒಂದು ಸರದಿಯೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದಾರೆ. ಬಸ್ಸಿಗೆ ಹತ್ತಿಸಿದ ದಿನ ಕಂಬ ಹಿಡಿದಲ್ಲೇ ಕುಸಿದಿದ್ದರು. ಅಂದಿನಿಂದ ಮಾವನ ಕಾಲದ ಹಳೆಯ ಜೀಪೇ ಗತಿ. ಹಿಂದಿನ ಸೀಟಿಗೆ ಕೌದಿ ಹಾಸಿ ಮಲಗಿಸಿಕೊಂಡು ಹೋಗುತ್ತೇವೆ.

ಆ ಶಿವನ ದಯೆ ಅಷ್ಟಿತ್ತು: ಗಾಡಿ ಹೋಗುವಾಗ ನಿಲ್ಲದೆ ಬರುವಾಗ ನಿಂತಿತ್ತು. ನಿಂತದ್ದೂ ಬೇವಿನ ನೆರಳಿಗೆ. ಅಷ್ಟಕ್ಕೇ ಎಣ್ಣೆಗೈಯಲ್ಲೇ ಕೈಮುಗಿದೆ. ಎಂಜಿನ್ ತಣ್ಣಗಾದ ಮೇಲೆ ನೀರು ತುಂಬಿ, ಮೆಲ್ಲಗೆ ನಡೆಸಿಕೊಂಡು ಹೊತ್ತು ಮುಳುಗುವ ಮೊದಲೇ ಮನೆ ಸೇರಿದರು.

ನಿಜ ಹೇಳಬೇಕೆಂದರೆ ಗಾಡಿ ಒಂದು ತಿಂಗಳಿಂದ ಹೇಳುತ್ತಲೇ ಇತ್ತು. ಎಳ್ಳಮಾಸಿಯ ಚಳಿಗೆ ಬೆಳಿಗ್ಗೆ ಚಾವಿ ತಿರುವಿದರೆ ಕೆಮ್ಮುತ್ತಿತ್ತು, ನಡುಗುತ್ತಿತ್ತು, ಬಿಳಿ ಹೊಗೆ ಉಗುಳಿ ನಾಲ್ಕನೆಯ ಸಲಕ್ಕೆ ಚಾಲೂ ಆಗುತ್ತಿತ್ತು. ರೇಡಿಯೇಟರಿಗೆ ದಿನಾ ಒಂದು ತಂಬಿಗೆ ನೀರು ಬೇಕಿತ್ತು. ಗುರುವಾರದ ಗಡಿಬಿಡಿಯಲ್ಲಿ ಮನೆಯವರು ಅದನ್ನು ಮರೆತಿದ್ದರು.

ಶುಕ್ರವಾರ ಜೇವರ್ಗಿಯಿಂದ ಗಾಡಿ ರಿಪೇರಿಯ ಮಿಸ್ತ್ರಿ ಬಂದರು. ಮಾವನ ಕಾಲದಿಂದ ಈ ಗಾಡಿಯನ್ನು ಬಲ್ಲವರು, ಗಡ್ಡವೆಲ್ಲ ನರೆತಿದೆ. ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಟಾರ್ಚ್ ಬಿಟ್ಟು ನೋಡಿದರು. ಎಲ್ಲೂ ಒದ್ದೆಯಿರಲಿಲ್ಲ.

"ಕೆಳಗ ನೀರು ಬೀಳ್ತದೇನ್ರಿ?"

"ಒಂದ್ ಹನೀನೂ ಇಲ್ರಿ," ಅಂದರು ಮನೆಯವರು. "ದಿನಾ ಮುಂಜಾನಿ ನೋಡ್ತೇನಿ."

ಮಿಸ್ತ್ರಿ ಕೈ ಒರೆಸಿಕೊಂಡರು. "ಹಂಗಾದ್ರ ನೀರು ಎಂಜಿನ್ ಒಳಗೇ ಹೊಂಟದ. ಬಿಳಿ ಹೊಗಿ, ನಡುಗೋದು, ಎಲ್ಲಾ ಅದಕ್ಕ ಕೂಡ್ತದ. ನೀರು ತಡಿಯೋ ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಎಂಜಿನ್ನೇ ಬಿಚ್ಚಬೇಕಾಗ್ತದ."

"ಎಷ್ಟ್ ದಿನಾ?"

"ಎಂಟು ದಿನ ಹಿಡೀರಿ."

ಎಂಟು ದಿನದಲ್ಲಿ ಎರಡು ಸರದಿ ಹೋಗುತ್ತವೆ. ತೊಗರಿ ರಾಶಿಯ ದಿನಗಳು. ಊರಿನ ಗಾಡಿಗಳೆಲ್ಲ ಚೀಲ ಹೊತ್ತು ಪೇಟೆ ದಾರಿ ಹಿಡಿದಿದ್ದವು. ಹಿಂದಿನ ಸಂಜೆಯೇ ಮೂರು ಮನೆಗೆ ಹೋಗಿ ಕೇಳಿ ಬಂದಿದ್ದೆವು, ಯಾರಿಂದಲೂ ಆಗಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಊದಿದ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ಅದನ್ನು ನೋಡಲಾಗದೆ ಜೀಪಿನ ಕೆಳಗಿನ ನೆಲ ನೋಡಿದೆ. ಬೆಳಿಗ್ಗೆ ನಾನೇ ಸಾರಿಸಿದ್ದ ನೆಲ, ಪೊರಕೆಯ ಗೆರೆಗಳು ಇನ್ನೂ ಇದ್ದವು.

ನಮ್ಮಲ್ಲಿ ಸೂರ್ಯ ಹುಟ್ಟುವ ಮೊದಲು ಅಂಗಳಕ್ಕೆ ಸೆಗಣಿ ನೀರು ಹೊಡೆದು, ಗುಡಿಸಿ, ರಂಗೋಲಿ ಹಾಕಿಯೇ ಲಿಂಗಪೂಜೆಗೆ ಕೂಡಬೇಕು. ಅಂಗೈಯಷ್ಟು ಜಾಗವೂ ಒಣದಾಗಿ ಉಳಿಯಬಾರದು ಎಂದು ನಾನು ಸೊಸೆಯಾಗಿ ಬಂದ ವಾರವೇ ಅತ್ತೆ ಕಲಿಸಿದ್ದರು. ಜೀಪು ನಿಂತಿದ್ದರೆ ಬಗ್ಗಿ ಪೊರಕೆ ಚಾಚಿ ಅದರ ಕೆಳಗೂ ನೀರು ತಳ್ಳುತ್ತೇನೆ.

"ಹನಿ ಬಿದ್ರೂ ಹ್ಯಾಂಗ ಕಾಣ್ತದ್ರಿ," ಅಂದೆ ಬಾಗಿಲಲ್ಲಿ ನಿಂತು. "ಗಾಡಿ ಕೆಳಗ ನಾ ದಿನಾ ತೊಳೀತೇನಿ."

"ನೀ ಚಾ ಮಾಡು ಹೋಗು," ಅಂದರು ಮನೆಯವರು. "ಬಂದ್ಳು ದೊಡ್ಡ ಮಿಸ್ತ್ರಿ."

ಮಿಸ್ತ್ರಿ ನಗಲಿಲ್ಲ. "ಜರಾ ತಡೀರಿ ಸಾವ್ಕಾರ. ಅಕ್ಕಾರ, ಎಷ್ಟೊತ್ತಿಗಿ ತೊಳೀತೀರಿ?"

"ಐದಕ್ಕ."

"ಇವ್ರು ಏಳೋದು?"

"ಆರೂವರಿಗಿ. ಅದೂ ನಾ ಎರಡು ಸಲ ಕೂಗಿದ ಮ್ಯಾಲ."

ಮಿಸ್ತ್ರಿ ಗಡ್ಡ ಕೆರೆದುಕೊಂಡರು. "ಹಳೀ ರಬ್ಬರ್ ಪೈಪ್ ಬಿಸಿ ಇದ್ದಾಗ ಉಬ್ಬಿ ಗಟ್ಟಿ ಕೂಡ್ತದ. ಚಳಿಗಿ ಕುಗ್ಗಿ ಸೋರ್ತದ. ಈ ಬಿಸಿಲಾಗ ನನಗೇನ್ ಕಾಣಬೇಕು? ನಾಳಿ ಒಂದ್ ದಿನಾ ಇದರ ಕೆಳಗ ತೊಳೀಬ್ಯಾಡ್ರಿ."

ರೇಡಿಯೇಟರಿಗೆ ನೀರಿನ ಬದಲು ಎಂಜಿನ್ ತಂಪಿಡುವ ಹಸಿರು ಬಣ್ಣದ ಕೂಲಂಟ್ ತುಂಬಿ, ಕೆಳಗೆ ಒಂದು ರಟ್ಟು ಹಾಸಿ ಹೋದರು.

ಶನಿವಾರ ಐದಕ್ಕೆ ಎದ್ದು ಬಕೆಟ್ ಮುಟ್ಟದೆ ನಿಂತೆ. ಪೊರಕೆಯ ಸಪ್ಪಳ ಕೇಳದೆ ಅತ್ತೆ ಒಳಗಿನಿಂದಲೇ ಕೂಗಿದರು.

"ಯಾಕ ಬೇ, ಅಂಗಳ ಇನ್ನೂ ಒಣಾ ಅದ?"

"ಮಿಸ್ತ್ರಿ ಬ್ಯಾಡ ಅಂದಾರ್ರೀ ಅತ್ತಿ. ನೀರು ಹರಿದ್ರ ರಟ್ಟು ತೊಯ್ತದ."

"ಈ ಮನೀ ಅಂಗಳಕ್ಕ ಮಿಸ್ತ್ರಿ ಯಾವಾಗಿಂದ ಯಜಮಾನ ಆದ? ಮುಂಜಾನೆದ್ದು ಜಂಗಮರು ಬಂದ್ರ ಎಲ್ಲಿ ನಿಂದರಸ್ತಿ?"

"ಸೋಮವಾರ ನೀವು ಹೋಗಬೇಕಲ್ರಿ."

ಒಳಗಿನಿಂದ ಕೌದಿ ಎಳೆದುಕೊಂಡ ಸಪ್ಪಳ ಬಂತು.

ಬೆಳಕು ಹರಿದರೂ ರಟ್ಟು ಎಳೆಯುವ ಧೈರ್ಯ ಬರಲಿಲ್ಲ. ಅದು ಒಣಗಿದ್ದರೆ ಮಿಸ್ತ್ರಿಯ ಮೊದಲ ಮಾತೇ ಖರೆ, ಎಂಟು ದಿನ ಗಾಡಿಯಿಲ್ಲ. ವಿಭೂತಿ ಹಚ್ಚಿಕೊಂಡು ಬಂದು, ಶಿವ ಶಿವ ಎನ್ನುತ್ತ ಎಳೆದೆ. ಬಿಲ್ವಪತ್ರಿ ಎಲೆಯಷ್ಟು ಅಗಲದ ಹಸಿರು ಕಲೆ. ಪಕ್ಕದಲ್ಲಿ ಇನ್ನೊಂದು. ಬಗ್ಗಿ ನೋಡುತ್ತಿರುವಾಗಲೇ ಪೈಪಿನ ಕೊನೆಯಿಂದ ಒಂದು ಹನಿ ನನ್ನ ಮುಂಗೈ ಮೇಲೆ ತಣ್ಣಗೆ ಬಿತ್ತು. ಒರೆಸಿಕೊಳ್ಳದೆ ಹಾಗೇ ಒಳಗೆ ಹೋಗಿ ಅತ್ತೆಗೆ ತೋರಿಸಿದೆ.

"ಸೋರಿತು ಅಂತ ಖುಷಿಪಡೋ ಮನಿ ಇದೊಂದೇ ನೋಡ್ದೆ," ಅಂದರು ಮಿಸ್ತ್ರಿ, ಮಧ್ಯಾಹ್ನ ಪೈಪು, ಕ್ಲಿಪ್ಪು ಬದಲಿಸುತ್ತ. ಆಮೇಲೆ ಬ್ಯಾಟರಿಯಿಂದ ವೈರು ಎಳೆದು ಹೀಟರ್ ಪ್ಲಗ್ಗುಗಳನ್ನು ಒಂದೊಂದಾಗಿ ನೋಡಿದರು. ಚಳಿಯಲ್ಲಿ ಡೀಸೆಲ್ ಎಂಜಿನ್ನನ್ನು ಒಳಗಿಂದ ಬೆಚ್ಚಗೆ ಮಾಡುವವು ಅವು. ನಾಲ್ಕರಲ್ಲಿ ಎರಡು ಸತ್ತಿದ್ದವು, ಅವನ್ನೂ ಬದಲಿಸಿದರು. "ಸೋರೋದು ಬ್ಯಾರೆ ಬ್ಯಾನಿ, ನಡುಗೋದು ಬ್ಯಾರೆ. ನಾನೇ ಎರಡೂ ಕೂಡಿಸಿ ಒಂದು ಮಾಡಿದ್ದೆ. ಆದ್ರೂ ಸೋಮವಾರ ಚಳಿಯಾಗ ಚಾಲೂ ಆದ್ರ ಖರೇ."

ಆ ಮಾತು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ರಟ್ಟನ್ನು ಮತ್ತೆ ಗಾಡಿಯ ಕೆಳಗೆ ಹಾಸಿ, ಭಾನುವಾರವೂ ಅಂಗಳಕ್ಕೆ ನೀರು ಹೊಡೆಯಲಿಲ್ಲ.

ಸೋಮವಾರ ಮಂಜು ಬಿದ್ದಿತ್ತು. ಅತ್ತೆಯನ್ನು ಕೌದಿಯಲ್ಲಿ ಸುತ್ತಿ ಕೂಡಿಸಿದೆವು. ಮನೆಯವರು ಚಾವಿಯನ್ನು ಅರ್ಧ ತಿರುವಿ ಹೀಟರಿನ ಹಳದಿ ದೀಪ ಆರುವವರೆಗೆ ಕಾದರು. ಪೂರ್ತಿ ತಿರುವಿದರು. ಒಂದು ಕೆಮ್ಮು, ನಿಂತಿತು. ನಾನು ಕೊರಳ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೆ. ಎರಡನೆಯ ಸಲಕ್ಕೆ ಚಾಲೂ ಆಯಿತು, ನಡುಗಲಿಲ್ಲ.

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ಇವತ್ತಾದ್ರೂ ತೊಳೀತೀ ಇಲ್ಲೋ?"

"ತೊಳೀತೇನ್ರಿ."

ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಒಳಗೆ ಹೋಗಲಿಲ್ಲ. ಮುಕ್ಕಾಲು ತಾಸಿಗೆ ಜೇವರ್ಗಿಯಿಂದ ಫೋನು ಬಂತು: ಎಂಜಿನ್ ಕಾವಿನ ಮುಳ್ಳು ಮೇಲೇರದೆ ನಡುವೆಯೇ ನಿಂತಿದೆ, ಅವ್ವ ಮಲಗಿದ್ದಾಳೆ. ರಟ್ಟು ಎತ್ತಿ ಎರಡೂ ಕಡೆ ತಿರುವಿ ನೋಡಿದೆ. ಹೊಸ ಕಲೆಯಿರಲಿಲ್ಲ. ಬಕೆಟ್ಟಿನಲ್ಲಿ ಸೆಗಣಿ ಕದಡಿ, ಜೀಪು ನಿಂತಿದ್ದ ಜಾಗದಿಂದಲೇ ನೀರು ಹೊಡೆಯತೊಡಗಿದೆ.