ಮೂರು ಬೆರಳಿಗೆ ಒಗ್ಗಿದ ಬಿಲ್ಲು

ಕಾಕಾ ಅವರ ಬಲಗೈಯಲ್ಲಿ ಇದ್ದದ್ದು ಮೂರೇ ಬೆರಳು: ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ನಡುವಿನ ಖಾಲಿ ಜಾಗದಲ್ಲಿ ಹೊಸ ಚರ್ಮ ರಬ್ಬರಿನಂತೆ ಹೊಳೆಯುತ್ತಿತ್ತು. ಪೆರಂಬೂರಿನ ಸಣ್ಣ ಲೇತ್ ಶೆಡ್ಡೊಂದರಲ್ಲಿ ಟರ್ನರ್ ಆಗಿದ್ದವರು. ಉಳಿದೆರಡನ್ನು ಯಂತ್ರ ತೆಗೆದುಕೊಂಡಿತ್ತು.

ಎಪ್ಪತ್ತರ ದಶಕದ ಕೊನೆ. ಎಗ್ಮೋರಿನ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಗಿರಾಕಿ ಬರಿಗೈಲಿ ಹೋದರೆ ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಬಂದ ಅಪರಿಚಿತ ಗಿರಾಕಿ, ಮುಂದೆ ನಾನು ಕಾಕಾ ಎಂದು ಕರೆದವರು, ನನ್ನ ತಮಿಳಿನಲ್ಲೇ ಕನ್ನಡದ ವಾಸನೆ ಹಿಡಿದು, "ಮೀನ ಹೊಡಿಯೂ ಬಿಲ್ಲು ತೋರಸು ತಮ್ಮಾ" ಎಂದರು. ನಾನು ಇದ್ದುದರಲ್ಲೇ ಬಿಗಿಯಾದ, ದುಬಾರಿಯಾದ ಫೈಬರ್ ಬಿಲ್ಲನ್ನು ಇಳಿಸಿ, ಅದರ ಬಲವನ್ನು ಹೊಗಳತೊಡಗಿದೆ.

"ಮೀನೇನ್ ಉಕ್ಕಿನ ಅಂಗಿ ಹಾಕ್ಕೊಂಡಿರ್ತೈತೇನು?" ಎಂದರು ಕಾಕಾ. "ಇಷ್ಟು ಬಿಗಿ ಇದ್ರ ಬಾಣ ಮೀನ ದಾಟಿ ರಾಡ್ಯಾಗ ಹೋಗಿ ಕುಂದ್ರತೈತಿ. ನಾ ಮೀನ ಹಿಡೀಲ್ಯೋ, ದಿನಾ ಪೂರ್ತಿ ಬಾಣ ಕೀಳಲ್ಯೋ?"

ಗಲ್ಲಾದಲ್ಲಿದ್ದ ಅಂಗಡಿ ಮಾಲೀಕರು, ನಮ್ಮ ಮೊದಲಾಳಿ, ಕಾಕಾ ಅವರ ಕೈ ನೋಡಿ ತಮಿಳಿನಲ್ಲಿ ನಕ್ಕರು. ಮೂರು ಬೆರಳಿಗೆ ಕೇರಂ ಬೋರ್ಡು ಸಾಕು, ಅದನ್ನು ಕೊಟ್ಟು ಕಳಿಸು ಎಂದು. ಕಾಕಾಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಫೈಬರ್ ಬಿಲ್ಲನ್ನು ನನ್ನ ಕಡೆ ಸರಿಸಿದರು. ನನಗೆ ಮಾತ್ರ, "ಐತವಾರ ಮಾಧವರಂ ಬಸ್ಸಿಗೆ ಬಾ, ಎಂಥಾ ಬಿಲ್ಲು ಬೇಕಂತ ತೋರಸ್ತೀನಿ" ಎಂದರು.

ಹೋದೆ. ಆ ಭಾನುವಾರ ವ್ಯಾಪಾರ ಕೈತಪ್ಪಬಾರದೆಂದು ಫೈಬರ್ ಬಿಲ್ಲನ್ನೂ ಹೊತ್ತೇ ಹೋದೆ. ಮಾಧವರಂ ಆಚೆಯ ಕೆರೆ ಏರಿಯ ಮೇಲೆ ಕಾಕಾ ತಮ್ಮ ಹಳೆಯ ಬಿದಿರಿನ ಬಿಲ್ಲು ಹಿಡಿದು ಕೂತಿದ್ದರು. ಮಲಪ್ರಭೆಯ ದಂಡೆಯಲ್ಲಿ ಅಪ್ಪನಿಂದ ಕಲಿತ ವಿದ್ಯೆಯಂತೆ. ಮೂರು ಬೆರಳಿನಿಂದ ಹೆದೆ ಎಳೆದರು, ಅರ್ಧಕ್ಕೂ ಬರಲಿಲ್ಲ. ಮತ್ತೆ ಎಳೆದರು. ಬೆರಳು ಜಾರಿ ಹೆದೆ ಮೊಣಕೈಗೆ ಬಡಿಯಿತು. ಅವರ ಮುಖ ನೋಡಲಾಗದೆ ನಾನು ಕೆರೆ ನೋಡಿದೆ.

ಕಾಕಾ ಒಡೆದ ಸೋಡಾ ಬಾಟಲಿಯ ಚೂರು ತೆಗೆದು ಬಿಲ್ಲಿನ ಒಳಮೈಯನ್ನು ಹೆರೆಯತೊಡಗಿದರು. ಮೇಲೆ ಎಷ್ಟೋ ಕೆಳಗೂ ಅಷ್ಟೇ. ಹೆರೆದು ಎಳೆದು ನೋಡುವುದು, ಮತ್ತೆ ಹೆರೆಯುವುದು. ತಡೆಯಲಾರದೆ ಅಂದೆ: "ಬಿಲ್ಲೇ ಹಾಳಾಗತ್ತಲ್ಲ ಕಾಕಾ. ಇಷ್ಟು ಸಡಿಲಾದ್ರೆ ಬಾಣ ಎಷ್ಟು ದೂರ ಹೋಗತ್ತೆ?"

"ಅದ್ಯಾಕ ದೂರ ಹೋಗಬೇಕು? ಬಿಲ್ಲು ಸಡಿಲಾದಷ್ಟು ನಾ ಮುಂದ ಹೋಗ್ತೀನಿ. ಒಂದು ಹೆಜ್ಜಿ."

ಮೊಣಕಾಲು ನೀರಿನಲ್ಲಿ ಕೊಕ್ಕರೆಯ ಹಾಗೆ ನಿಂತರು. ಬಿಲ್ಲಿಗೆ ಕಟ್ಟಿದ ಪೌಡರ್ ಡಬ್ಬಿಗೆ ನೈಲಾನ್ ದಾರ ಸುತ್ತಿತ್ತು. ಅದರ ತುದಿ ಬಾಣಕ್ಕೆ. ಉಸಿರಿಗೆ ಮೇಲೆ ಬರುವ ವಿರಾಲ್ ಮೀನಿಗಾಗಿ ಕಾದರು. ನಾಲ್ಕು ಬಾಣ ತಪ್ಪಿದವು. ಪ್ರತಿ ಸಲವೂ ದಾರ ಸುತ್ತಿಕೊಂಡು, ಒಂದು ಹೆಜ್ಜೆ ಮುಂದೆ. ಐದನೆಯದಕ್ಕೆ ನೀರು ಒದ್ದಾಡಿತು.

ಮರುದಿನ ಕಾಕಾ ಅಂಗಡಿಗೆ ಬಂದು, ತಮಿಳು ಪೇಪರಿನಲ್ಲಿ ಸುತ್ತಿದ ಆ ಬೆಳಗ್ಗೆ ಹೊಡೆದ ಮೊಳದುದ್ದದ ಇನ್ನೊಂದು ವಿರಾಲನ್ನು ಗಲ್ಲಾದ ಮೇಲೆ ಬಿಚ್ಚಿಟ್ಟರು. ಮೊದಲಾಳಿ ಶುದ್ಧ ಸಸ್ಯಾಹಾರಿ. ಕುರ್ಚಿ ಬಿಟ್ಟು ಗೋಡೆಗೆ ಅಂಟಿಕೊಂಡರು. "ಕೇರಂ ಬೋರ್ಡ್ ಬ್ಯಾಡ ಅಂತ ಹೇಳಿ ಹೋಗಾಕ ಬಂದೆ" ಎಂದು ಕಾಕಾ ಮೀನೆತ್ತಿಕೊಂಡು ಹೊರಟರು.

ಮುಂದೆ ನಾನು ಸ್ವಂತ ಅಂಗಡಿ ಹಾಕಿದೆ. ಮೀನಿಗೆ ಬಿಲ್ಲು ಬೇಕೆಂದು ಬರುವವರಿಗೆ ಹೇಳುವುದೆಲ್ಲ ಕಾಕಾ ಅವರದೇ ಪಾಠ. ಗಿಡ್ಡ ಬಿಲ್ಲು ತಗೊಳ್ಳಿ, ಉದ್ದನೆಯದು ಜೊಂಡಿಗೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ಒಂದೇ ಸಲ ಎಳೆದು ಬೀಗಬೇಡಿ, ಇಪ್ಪತ್ತು ಸಲ ಎಳೆಯಿರಿ. ಇಪ್ಪತ್ತನೆಯದಕ್ಕೆ ಭುಜ ನಡುಗಿದರೆ ಅದು ನಿಮ್ಮ ಬಿಲ್ಲಲ್ಲ. ನೀರಿನಲ್ಲಿ ಮೀನು ಇರುವುದಕ್ಕಿಂತ ಮೇಲೆ ಕಾಣುತ್ತದೆ, ಕೆಳಗೆ ಗುರಿ ಇಡಿ. ಬಿಗಿಯಾದದ್ದೇ ಬೇಕು ಎಂದು ಹಟ ಹಿಡಿಯುವವರಿಗೆ ಪಕ್ಕದ ಅಂಗಡಿ ತೋರಿಸುತ್ತೇನೆ. ವ್ಯಾಪಾರ ಹೋದರೆ ಹೋಗಲಿ.

ವರ್ಷ ವರ್ಷವೂ ಕಾಕಾ ಅವರ ತೋಳು ಸೋಲುತ್ತಿತ್ತು, ವರ್ಷ ವರ್ಷವೂ ಬಿಲ್ಲು ತೆಳ್ಳಗಾಗುತ್ತಿತ್ತು. ಎಂಬತ್ತರ ದಶಕದ ನಡುವಿಗೆ ಅದು ಶಾಲೆಯ ಅಡಿಪಟ್ಟಿಯಂತಾಗಿತ್ತು. ಬಾಣದ ತುದಿ ನೀರಿಗೆ ತಾಗುವಷ್ಟು ಬಗ್ಗಿ ನಿಲ್ಲುತ್ತಿದ್ದರು. ಒಮ್ಮೆ ನಾನು ಬಾಯಿ ಬಿಟ್ಟೆ: "ಸಾಕು ಕಾಕಾ, ಇನ್ನು ಬಿಟ್ಬಿಡಿ."

"ಸಾಕಂತ ಮೀನ ಹೇಳೈತೇನು?" ಎಂದರು, ತಿರುಗಿಯೂ ನೋಡದೆ. "ಇನ್ನಾ ಅರ್ಧ ಹೆಜ್ಜಿ ಐತಿ. ಸರಿ ಅತ್ಲಾಗ, ನಿನ್ನ ನೆರಳು ಬೀಳ್ತೈತಿ."

ಆ ದಿನ ಸಿಕ್ಕಿದ್ದು ಅಂಗೈಯಷ್ಟು ಮೀನು. ಅದನ್ನೇ ಎತ್ತಿ ಹಿಡಿದು ಬಸ್ ಸ್ಟಾಂಡಿನವರೆಗೂ ನಡೆದರು. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಅವರಿಂದ ಕಲಿತು ಇಷ್ಟು ವರ್ಷ ನಾನೂ ಬಿದಿರಿನ ಬಿಲ್ಲು ಹಿಡಿದು ಕೆರೆಗಿಳಿಯುತ್ತಿದ್ದೆ. ಈಗ ನನ್ನ ಬಲಭುಜ ಮೇಲೇಳುವುದಿಲ್ಲ. ಇನ್ನು ಬಿಲ್ಲು ಮುಟ್ಟಬೇಡಿ ಎಂದಿದ್ದಾರೆ ಡಾಕ್ಟರು. ತಲೆಯಾಡಿಸಿ ಮನೆಗೆ ಬಂದು, ಬಿಲ್ಲು ಕೆಳಗಿಳಿಸಿ, ಹಿತ್ತಲಲ್ಲಿ ಒಂದು ಸೋಡಾ ಬಾಟಲಿ ಒಡೆದೆ.