ಕ್ರಾಸಿನಲ್ಲಿ ಕಾಯುತ್ತಿರುವ ಸ್ನೇಹಾ

ಗೆಳೆಯರೇ, ನಿಮಗೂ ಸ್ನೇಹಾಳಿಂದ ಸುದ್ದಿ ಬಂದಿದೆಯಾ? ಇವತ್ತು ಮಧ್ಯಾಹ್ನ ಗೋವಿನಕೋವಿಯಲ್ಲಿ ನಮ್ಮ ದೊಡ್ಡಮ್ಮನ ಮೊಬೈಲ್ ಟಿಣ್ ಅಂದಿತು. ‘ಸ್ನೇಹಾ ನಿಮ್ಮಿಂದ ಎರಡು ಕಿಲೋಮೀಟರ್ ದೂರದಲ್ಲಿ ಒಬ್ಬಳೇ ಕಾಯುತ್ತಿದ್ದಾಳೆ.’

“ಎರಡು ಕಿಲೋಮೀಟರ್ ಅಂದ್ರೆ ನಮ್ಮೂರ ಕ್ರಾಸೇ ಆತಲ್ಲೋ! ಯಾರ ಮನೆ ಹುಡುಗೀನೋ, ಪಾಪ, ಬಸ್ ತಪ್ಪಿಸ್ಕೊಂಡೈತೆ. ಗಾಡಿ ತೆಗಿ” ಎಂದಳು ದೊಡ್ಡಮ್ಮ.

“ದೊಡ್ಡಮ್ಮ, ಅದು ಜಾಹೀರಾತು. ಯಾವುದೋ ಸೈಟು ನೋಟಿಫಿಕೇಶನ್ ಕಳಿಸ್ಲಾ ಅಂತ ಕೇಳಿದಾಗ ನೀನು ಅಲೌ ಒತ್ತೀಯ, ಅದಕ್ಕೇ ಬರ್ತೈತೆ.”

“ಹೂಂ, ಒತ್ತೀನಿ. ಅಷ್ಟು ಮರ್ಯಾದೆಯಿಂದ ಕೇಳ್ದೋರಿಗೆ ಬ್ಯಾಡ ಅನ್ನಾಕೆ ಆಗ್ತೈತೇನು?”

ನಾನು ಬೈಕ್ ಹೊರಗೆ ತೆಗೆಯುವಷ್ಟರಲ್ಲಿ ದೊಡ್ಡಮ್ಮ ಡಬ್ಬಿಗೆ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿಕೊಂಡು ನನ್ನ ಬೈಕಿನ ಹಿಂದೆ ಕೂತಾಗಿತ್ತು.

ಕ್ರಾಸಿನಲ್ಲಿ ಹುಡುಗಿ ಇರಲಿಲ್ಲ. ದೊಡ್ಡಪ್ಪ ಇದ್ದರು. ಮದುವೆಗಳಿಗೆ ಮಾತ್ರ ಹಾಕುವ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಪಕ್ಕದಲ್ಲಿ ಅವರ ಗಾಡಿ.

“ಹೊಲಕ್ಕೆ ಹೋಗ್ತೀನಿ ಅಂದ್ರಲ್ರೀ, ಇಲ್ಯಾಕೆ ನಿಂತೀರಿ?”

“ನ್ಯಾಮತಿ ಬಸ್ಸಿಗೆ ಕಣೇ.”

“ಗಾಡಿ ಇಟ್ಕೊಂಡು ಬಸ್ಸಾ?”

ಅಷ್ಟರಲ್ಲಿ ಅವರ ಜೇಬು ಟಿಣ್ ಅಂದಿತು. ದೊಡ್ಡಮ್ಮ ಮೊಬೈಲ್ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. ‘ಸ್ನೇಹಾ ಇನ್ನೂ ಕಾಯುತ್ತಿದ್ದಾಳೆ.’

“ಪಾಪ, ಬಸ್ ತಪ್ಪಿಸ್ಕೊಂಡೈತೇನೋ ಅಂತ...” ಎಂದರು ದೊಡ್ಡಪ್ಪ.

ಎರಡೂ ಮೊಬೈಲಿನಲ್ಲಿ ಆ ಸೈಟನ್ನು ಬ್ಲಾಕ್ ಮಾಡಿದೆ. ರೊಟ್ಟಿ ಡಬ್ಬಿ ನನ್ನ ಪಾಲಾಯಿತು. ದೊಡ್ಡಪ್ಪನ ಗಾಡಿಯ ಕೀ ದೊಡ್ಡಮ್ಮನ ಸೊಂಟಕ್ಕೆ ಹೋಯಿತು. ದೊಡ್ಡಪ್ಪ ಮಾತ್ರ ಈಗ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಒಬ್ಬರೇ ಕಾಯುತ್ತಿದ್ದಾರೆ.