ತೊಟ್ಟಿ ಸರಿಸಿದ ಬೆರಳು

ಮನೆಯಲ್ಲೊಂದು ಕಂಪ್ಯೂಟರು, ಬ್ಯಾಗಲ್ಲೊಂದು ಲ್ಯಾಪ್‌ಟಾಪು ಇರುವಾಗ ಟ್ಯಾಬ್ಲೆಟ್ ಬೇರೆ ದಂಡ ಅಂತಲೇ ನನ್ನ ವಾದವಾಗಿತ್ತು. ಆದರೂ ನೋಡೋಣ ಅಂತ ಗೆಳೆಯನದೊಂದನ್ನು ಇಸಕೊಂಡು ಶೆಟ್ಟಿಕೆರೆ ಹತ್ತಿರದ ತೆಂಗಿನ ತೋಟಕ್ಕೆ ಹೋದೆ. ತೋಟಗಳಿಗೆ ಹನಿ ನೀರಾವರಿಯ ನಕ್ಷೆ ಮಾಡಿಕೊಡುವುದು ನನ್ನ ಕೆಲಸ.

ಲ್ಯಾಪ್‌ಟಾಪಾದರೆ ಜಗಲಿ ಮೇಲಿಟ್ಟುಕೊಂಡು ನಾನೇ ತೋರಿಸುತ್ತೇನೆ. ಜನ ಹಿಂದೆ ನಿಂತು "ಆಯ್ತು ಬುಡಿ ಸಾರ್" ಅನ್ನುತ್ತಾರೆ. ಗುಂಡಿ ತೋಡಿದ ಮೇಲೆ ತಕರಾರು ಶುರುವಾಗುತ್ತದೆ. ಈ ಸಲ ತೋಟದ ಯಜಮಾನರು ನಕ್ಷೆ ತೆರೆದಿದ್ದ ಟ್ಯಾಬ್ಲೆಟ್ಟನ್ನು ಕೈಗೆ ತಗೊಂಡವರೇ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಕೊಟ್ಟುಬಿಟ್ಟರು. ಆಯಮ್ಮ ಸೆರಗಿಗೆ ಕೈ ಒರೆಸಿಕೊಂಡು ನೋಡಿದರು.

"ನೀರಿನ ತೊಟ್ಟೀನ ಕೊಬ್ರಿಗೆ ಕಾಯಿ ಹಾಕೋ ಅಟ್ಟದ ಗೋಡೆಗೇ ಆನಿಸಿದ್ದೀಯಲ್ಲಪ್ಪ! ತೇವ ಏರಿದ್ರೆ ವರ್ಷ ಪೂರ್ತಿ ಕಾದಿದ್ದೆಲ್ಲ ಕೆಟ್ಟೋಗಕಿಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಯ ಮೇಲೆ ಬೆರಳಿಟ್ಟು ಎಳೆದರು. ಅದು ಸಲೀಸಾಗಿ ಬಾವಿಯ ಪಕ್ಕಕ್ಕೆ ಹೋಗಿ ಕೂತಿತು.

"ಇಲ್ಲಿರ್ಲಿ ಬುಡು," ಅಂದರು.

ಮಾರನೆಯ ದಿನವೇ ತಿಪಟೂರಿಗೆ ಹೋಗಿ ಟ್ಯಾಬ್ಲೆಟ್ ತಂದೆ.

"ಎರಡಿರುವಾಗ ಮೂರನೇದು ಯಾಕ್ರೀ?" ಅಂದಳು ನನ್ನ ಹೆಂಡತಿ.

"ಬೇರೆಯವರೂ ಬೆರಳಿಡ್ಲಿ ಅಂತ ಕಣೇ," ಅಂದೆ.

ಈಗ ಅವಳು ದಿನಾ ಸಂಜೆ ಅದರಲ್ಲಿ ನಮ್ಮ ಮನೆಯ ನಕ್ಷೆ ತೆಗೆದುಕೊಂಡು, ಅಡುಗೆಮನೆಯನ್ನು ಮುಂದಕ್ಕೂ ನನ್ನ ಕಂಪ್ಯೂಟರ್ ಕೋಣೆಯನ್ನು ಹಿತ್ತಲಿಗೂ ಸರಿಸುತ್ತಿರುತ್ತಾಳೆ. ಮನೆ ಕಟ್ಟಿ ಎಷ್ಟೋ ವರ್ಷವಾಯಿತಲ್ಲೇ ಅನ್ನುವ ಧೈರ್ಯ ನನಗಿನ್ನೂ ಬಂದಿಲ್ಲ.